ಕಾಯದ ಒಲೆ



ತರೀಕೆರೆಯಲ್ಲಿ ರೇಡಿಯೊ ದುರಸ್ತಿ ಮಾಡುತ್ತಿದ್ದ ನನ್ನ ಮಿತ್ರರ ಬಳಿ ಒಂದು ಫ್ರೀಕ್ವೆನ್ಸಿ ಕೌಂಟರ್ ಇತ್ತು. ವಿದ್ಯುತ್ ಸಂಕೇತವು ಸೆಕೆಂಡಿಗೆ ಎಷ್ಟು ಬಾರಿ ಆವರ್ತಿಸುತ್ತದೆಂಬುದನ್ನು ಎಣಿಸುವ ಯಂತ್ರವದು. ಆ ಸೆಕೆಂಡನ್ನು ಅಳೆದುಕೊಡುವುದು ಒಳಗಿನ ಸ್ಫಟಿಕದ ಕಂಪನ: ಸೆಕೆಂಡಿಗೆ 1 ಕೋಟಿ. ಶಾಖ ಬದಲಾದರೆ ಕಂಪನವೂ ಬದಲಾಗುವುದರಿಂದ, ಸ್ಫಟಿಕವನ್ನು ಪುಟ್ಟ ಒಲೆಯೊಂದರಲ್ಲಿ 70-80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಒಂದೇ ಶಾಖದಲ್ಲಿ ಇರಿಸಿರುತ್ತಾರೆ.

ಆದರೂ ಸ್ಫಟಿಕಕ್ಕೆ ವಯಸ್ಸಾಗುತ್ತದೆ. ಮಿತ್ರರು ಯಂತ್ರವನ್ನು ಆರಿಸುತ್ತಲೇ ಇರಲಿಲ್ಲ. ಅಜ್ಜಂಪುರದ ಶಿಷ್ಯನೊಬ್ಬ ತಿಂಗಳಿಗೊಮ್ಮೆ ತರುತ್ತಿದ್ದ ಜಿಪಿಎಸ್ ಉಪಕರಣ ಉಪಗ್ರಹದ ಪರಮಾಣು ಗಡಿಯಾರವನ್ನು ಅನುಸರಿಸುವಂಥದು. ಅದರೊಡನೆ ಹೋಲಿಸಿ, ಸ್ಫಟಿಕ ಎಷ್ಟು ಜಾರಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು, ತಿದ್ದುತ್ತಿರಲಿಲ್ಲ.

ಅವರು ತೀರಿಕೊಂಡ ಬಳಿಕ ಯಂತ್ರವನ್ನು ಬಸ್ಸಿನಲ್ಲಿ ಕಡೂರಿನ ನಮ್ಮ ಮನೆಗೆ ತಂದೆ. ಶಿಷ್ಯನೂ ಬಂದ. ಹೋಲಿಸಿದರೆ ಹತ್ತಾರು ಆವರ್ತಗಳ ವ್ಯತ್ಯಾಸ! ಕಾಗುಣಿತ ತಿದ್ದಿಯೇ ಅಭ್ಯಾಸವಾದ ಕನ್ನಡ ಮೇಷ್ಟರು ನಾನು. ಅವನು ಬೇಡವೆನ್ನುವಷ್ಟರಲ್ಲಿ ತಿರುಪನ್ನು ತಿರುಗಿಸಿಬಿಟ್ಟೆ. ಮರುದಿನ ಒಲೆ ಕಾದಾಗ ತಪ್ಪು ವಿರುದ್ಧ ದಿಕ್ಕಿಗೆ ವಾಲಿತ್ತು. ಯಂತ್ರ ಕೆಟ್ಟಿರಲಿಲ್ಲ, ದಾರಿಯಲ್ಲಿ ತಣಿದಿತ್ತು, ಅಷ್ಟೆ.

ದಿನಗಟ್ಟಲೆ ಕಾಯಿಸಿ, ಯಂತ್ರಕ್ಕಿಂತ ನಿಖರವಾದ ಮಾನಕದೊಡನೆ ಹೋಲಿಸಿದ ಮೇಲಷ್ಟೇ ತಿರುಪಿಗೆ ಕೈ ಹಚ್ಚಬೇಕು. ತನ್ನ ಸ್ಫಟಿಕವನ್ನು ತಾನೇ ಎಣಿಸಿದರೆ ಯಂತ್ರ ಎಂದಿಗೂ 1 ಕೋಟಿಯೆಂದೇ ಹೇಳುತ್ತದೆ.

ತಿರುಪನ್ನು ಮರಳಿ ತಿರುಗಿಸಿದ್ದಾಯಿತು. ಆದರೆ ವರ್ಷಗಳ ಆ ಲೆಕ್ಕ ಅಲ್ಲಿಗೆ ತುಂಡಾಯಿತು. ಮಿತ್ರರ ಕೊನೆಯ ಅಂಕಿಯ ಕೆಳಗೆ ಗೆರೆಯೆಳೆದು, ನನ್ನ ತಪ್ಪನ್ನು ತಾರೀಖಿನೊಡನೆ ಬರೆದಿಟ್ಟಿದ್ದೇನೆ.