ಗೋಡೆ ಮೇಲಿನ ಚಿತ್ತಾರ, ಬನದ ಗುರಿಗೆ ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿಹಬ್ಬದ ಎರಡನೇ ದಿನ ಬೆಳಗಿನ ಸಭೆಯಲ್ಲಿ ಆಡಿದ ಮಾತುಗಳು)



ಭಾಷಣ ನಮಗೆ ಹೊಸದು. ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಎದ್ದು ನಿಂತು ಎರಡು ಮಾತು ಕೇಳಿದ್ದೇವೆಯೇ ಹೊರತು ಮೈಕಿನ ಮುಂದೆ ನಿಂತವರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವರಿಗೆ ಕಲೆ ಮತ್ತು ಪರಿಸರ ಅಂತ ಇಷ್ಟು ದೊಡ್ಡ ವಿಷಯ ಕೊಟ್ಟರೆ ಏನು ಮಾಡುವುದು? ಕಾರ್ಯದರ್ಶಿಗಳ ಹತ್ತಿರ ಕೇಳಿದೆವು. "ನೀವು ಗೋಡೆ ವಿಷಯ ಹೇಳಿ, ಸಾಕು" ಅಂದರು. ಗೋಡೆಯಿಂದಲೇ ಶುರು ಮಾಡುತ್ತೇವೆ.

ನೀವೆಲ್ಲ ಒಳಗೆ ಬರುವಾಗ ಸಂಘದ ಮುಂಗೋಡೆ ನೋಡಿದ್ದೀರಿ. ಕೆಮ್ಮಣ್ಣು ಬಳಿದು ಅದರ ಮೇಲೆ ಬಿಳಿ ಎಳೆ ಎಳೆದ ಹಸೆ ಚಿತ್ತಾರ ಇದೆ. ಬಲಗಡೆ ಮೂಲೆಯಲ್ಲಿ ಅರಿಶಿನ ಬಣ್ಣ ಅರ್ಧಕ್ಕೇ ನಿಂತಿದೆ. ನಿನ್ನೆಯಿಂದ ಹತ್ತು ಜನವಾದರೂ ಕೇಳಿದ್ದಾರೆ, ಯಾಕೆ ಮುಗಿಸಿಲ್ಲ, ಕೂಲಿ ಕೊಡಲಿಲ್ಲವೋ ಅಂತ. ಅದಕ್ಕೆ ಉತ್ತರ ಕೊಡುವುದೇ ಈ ಹೊತ್ತಿನ ನಮ್ಮ ಮಾತು.

ಹೋದ ಜೂನ್ ತಿಂಗಳ ಸಭೆಯಲ್ಲಿ ಬೆಳ್ಳಿಹಬ್ಬಕ್ಕೆ ಕಟ್ಟಡಕ್ಕೆ ಬಣ್ಣ ಹೊಡೆಸುವ ವಿಷಯ ಬಂತು. ಸಾಗರದಿಂದ ಒಬ್ಬ ಕಂತ್ರಾಟುದಾರರು ದರಪಟ್ಟಿ ಕೊಟ್ಟಿದ್ದರು. ಅಷ್ಟರಲ್ಲಿ ಸ್ತ್ರೀಶಕ್ತಿ ಗುಂಪಿನವರು ಒಂದು ಅರ್ಜಿ ತಂದುಕೊಟ್ಟರು. ಮುಂಗೋಡೆಗೆ ತಾವೇ ಚಿತ್ತಾರ ಬರೆಯುತ್ತೇವೆ, ಸಾಮಾನ್ಯ ಒಳಿತಿನ ನಿಧಿಯಿಂದ ಖರ್ಚಿಗಿಷ್ಟು ಕೊಡಿ ಅಂತ. ಆ ದಿನ ಎದ್ದು ವಿರೋಧ ಮಾಡಿದವರು ನಾವು. ನಡಾವಳಿ ಪುಸ್ತಕದಲ್ಲಿ ನಮ್ಮ ಹೆಸರು ಇದೆ, ಮುಚ್ಚಿಡುವುದೇನಿಲ್ಲ. ಮಣ್ಣು, ಅಕ್ಕಿಹಿಟ್ಟಿನ ಬಣ್ಣ ಎರಡು ಮಳೆಗಾಲಕ್ಕೆ ಹೋಗುತ್ತದೆ, ಸದಸ್ಯರ ದುಡ್ಡನ್ನು ಮಳೆಗೆ ತೊಳೆಯಲಿಕ್ಕೆ ಕೊಡುವುದು ಸರಿಯಲ್ಲ ಅಂದೆವು. ಕೆಲವರು ಮೇಜು ಕುಟ್ಟಿದರು. ನಮಗೂ ಸ್ವಲ್ಪ ಖುಷಿಯೇ ಆಯಿತು.

ಸುದ್ದಿ ನಮಗಿಂತ ಮುಂಚೆ ಮನೆ ಮುಟ್ಟಿತ್ತು. ನಮ್ಮ ದೊಡ್ಡಮ್ಮ ಜಗಲಿ ಮೇಲೆ ಕೂತಿದ್ದವರು, ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಅಲ್ಲ ತಮಾ, ಮಳಿಗೆ ಹೋಗ್ತದೆ ಅಂದ್ಯಂತೆ. ನೀ ಕಟ್ಟೋ ಗದ್ದೆ ಅಂಚು ಮಳಿಗೆ ಹೋಗದಿಲ್ವಾ? ವರ್ಷ ವರ್ಷ ಕಟ್ಟದಿಲ್ವಾ?" ಉತ್ತರ ಬರಲಿಲ್ಲ. ಅದೇ ದೊಡ್ಡಮ್ಮ ನಮ್ಮ ಮದುವೆಗೆ ಹಸೆಗೋಡೆ ಬರೆದವರು. ಆ ಗೋಡೆ ಮುಂದೆ ಕೂತು ಹಸೆ ಏರಿದ್ದೇವೆ. ಮನೆ ರಿಪೇರಿ ಮಾಡಿಸುವಾಗ ಅದೇ ಗೋಡೆಗೆ ಸಿಮೆಂಟು ಮೆತ್ತಿ ಡಿಸ್ಟೆಂಪರ್ ಹೊಡೆಸಿದವರೂ ನಾವೇ.

ಚಿತ್ತಾರ ಅಂದರೆ ನಮ್ಮ ಸಾಗರ, ಸೊರಬ, ಸಿದ್ದಾಪುರ ಕಡೆಯ ದೀವರ ಹೆಂಗಸರ ಕೈಕೆಲಸ, ನಿಮಗೆ ಹೇಳಬೇಕಾಗಿಲ್ಲ. ಆದರೆ ಹುಡುಗರು ಕೂತಿದ್ದಾರೆ, ಅವರಿಗಾಗಿ ಒಂದು ಮಾತು. ಇದರ ಬಣ್ಣ ನಾಲ್ಕೇ. ಬಿಳಿ ಅಕ್ಕಿಯದ್ದು. ಕೆಂಪು ಕೆಮ್ಮಣ್ಣಿನದು. ಕಪ್ಪು, ಅಕ್ಕಿಯನ್ನೇ ಕರಿಯಾಗುವ ತನಕ ಹುರಿದು ಅರೆದದ್ದು. ಅರಿಶಿನ ಬಣ್ಣ ಗುರಿಗೆ ಕಾಯಿಯದ್ದು. ಕುಂಚ ಪುಂಡಿ ನಾರಿನದು. ಅಂಗಡಿಯಿಂದ ಏನೂ ಬೇಡ. ಇಷ್ಟು ಸುಲಭ ಅಂತ ನಾವೂ ತಿಳಿದಿದ್ದೆವು.

ಕೊನೆಗೆ ಮಂಡಳಿ ಅರ್ಜಿಗೆ ಒಪ್ಪಿತು. ವಿರೋಧ ಮಾಡಿದವರೇ ಸಾಮಗ್ರಿ ಒದಗಿಸಬೇಕು ಅಂತ ಅಧ್ಯಕ್ಷರು ನಗುತ್ತ ಹೇಳಿದರು, ಅದು ಹಾಗೇ ನಡಾವಳಿಗೂ ಬಂತು. ಹುಡುಕಲಿಕ್ಕೆ ಹೊರಟ ಮೇಲೆ ಗೊತ್ತಾಯಿತು ನಮ್ಮ ಊರಿನ ಸ್ಥಿತಿ. ಕೆಮ್ಮಣ್ಣಿನ ಗುಂಡಿ ಇದ್ದ ದಿಬ್ಬವನ್ನು ಜೆಸಿಬಿ ಮಟ್ಟ ಮಾಡಿ ವರ್ಷಗಳಾಗಿವೆ. ಪುಂಡಿ ಬೇಲಿ ಸಾಲಿನಲ್ಲಿ ಇರುತ್ತಿತ್ತು, ಈಗ ಬೇಲಿಯೇ ಇಲ್ಲ, ತಂತಿ. ಹಗ್ಗಕ್ಕೆ ನೈಲಾನ್ ಬಂದ ಮೇಲೆ ಪುಂಡಿ ಯಾರಿಗೆ ಬೇಕು? ಇನ್ನು ಗುರಿಗೆ. ಅದು ದಟ್ಟ ಕಾಡಿನ ಮರ. ನಮ್ಮ ಬೆಟ್ಟದಲ್ಲಿ ಈಗ ಮೇಲಿಂದ ಕೆಳಗಿನ ತನಕ ಅಕೇಶಿಯಾ. ನಾಲ್ಕು ದಿನ ತಿರುಗಿದ ಮೇಲೆ ಚೌಡಿ ಬನದಲ್ಲಿ ಒಂದು ಗುರಿಗೆ ಮರ ಸಿಕ್ಕಿತು. ದೇವರ ಭಯಕ್ಕೆ ಉಳಿದದ್ದು, ನಮ್ಮ ಬುದ್ಧಿಯಿಂದಲ್ಲ.

ಪುಂಡಿ ಬೀಜವನ್ನು ಬಯಲುಸೀಮೆಯ ನೆಂಟರಿಂದ ತರಿಸಿ ಗೋದಾಮಿನ ಹಿಂದೆ ಬಿತ್ತಿದೆವು. ಕಡ್ಡಿಯನ್ನು ನೀರಲ್ಲಿ ಕೊಳೆಹಾಕಿ ನಾರು ತೆಗೆದದ್ದು ದೀಪಾವಳಿ ಹೊತ್ತಿಗೆ. ಗುರಿಗೆ ಬೀಜ ದೊಡ್ಡಮ್ಮನ ತವರಿನಲ್ಲಿ ಯಾರೋ ಅಜ್ಜಿ ಒಣಗಿಸಿ ಗಂಟು ಕಟ್ಟಿಟ್ಟದ್ದು ಒಂದು ಬೊಗಸೆ ಸಿಕ್ಕಿತು. ಗೋಡೆಗೆ ಬಂದದ್ದು ಅಷ್ಟೇ ಬಣ್ಣ. ಮುಗಿದ ಕಡೆ ನಿಲ್ಲಿಸಿದರು. ಅಂಗಡಿಯ ಹಳದಿ ಪುಡಿ ತಂದುಕೊಡುತ್ತೇವೆ, ದೂರಕ್ಕೆ ಯಾರಿಗೆ ಗೊತ್ತಾಗುತ್ತದೆ ಅಂದೆವು. ಬರೆಯುತ್ತಿದ್ದ ಹುಡುಗಿಯರು ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ನಮ್ಮ ಮುಖ ನೋಡಿದರು. ಹಾಗೇ ಉಳಿಯಿತು.

ಈಗ ನಮ್ಮ ಸೀಮೆಯ ಮಾತು. ಇಂಥ ಕೆಲಸವನ್ನು ಸಂಘಗಳು ಮಾಡಿಲ್ಲವೇ ಅಂದರೆ, ಮಾಡಿವೆ, ಅದೂ ನಮ್ಮ ತಾಲ್ಲೂಕಿನಲ್ಲೇ. ಹೆಗ್ಗೋಡಿನಲ್ಲಿ 1949ರಲ್ಲಿ ಹಳ್ಳಿಯವರು ಸೇರಿ ನಾಟಕಕ್ಕೆ ಅಂತ ಸಂಘ ಕಟ್ಟಿಕೊಂಡರು, ಅದೇ ನೀನಾಸಮ್. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದವರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವು ಚಿಕ್ಕ ಹುಡುಗರು, ನಮ್ಮ ತಾಲ್ಲೂಕಿಗೇ ಬಂತು ಅಂತ ಶಾಲೆಯಲ್ಲಿ ಹೇಳಿದ್ದು ನೆನಪಿದೆ. ಆಚೆ ಶಿರಸಿ ಸೀಮೆಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿಯವರು ಊರೂರಿಗೆ ಸುದ್ದಿ ಮುಟ್ಟಿಸಿದ್ದು ಪಾದಯಾತ್ರೆ ಮಾಡಿ, ಯಕ್ಷಗಾನ ಆಡಿಸಿ. ಕರಪತ್ರ ಹಂಚಿದರೆ ಓದುವವರೆಷ್ಟು? ಆಟ ಅಂದರೆ ಬೆಳಗಿನ ತನಕ ಕೂರುತ್ತಾರೆ.

ನಮಗೆ ಎಲ್ಲಕ್ಕಿಂತ ಹತ್ತಿರ ಕಂಡದ್ದು ಭೀಮನಕೋಣೆಯ ಚರಕ. ಅದೂ ನಮ್ಮ ಹಾಗೆ ಸಹಕಾರ ಸಂಘ, ಹೆಂಗಸರ ಸಂಘ. 1996ರಲ್ಲಿ ಶುರುವಾಯಿತು. ನಾಟಕದ ಪ್ರಸನ್ನ ಅವರು ಇದಕ್ಕೆ ಮೂಲ. ಕೈಮಗ್ಗದಲ್ಲಿ ನೇಯುತ್ತಾರೆ, ಹೊಲಿಯುತ್ತಾರೆ, ದೇಸಿ ಅಂಗಡಿಗಳ ಮೂಲಕ ಪೇಟೆಗೆ ಕಳಿಸುತ್ತಾರೆ. ನೂಲಿಗೆ ಹಾಕುವ ಬಣ್ಣ ಗಿಡಮರದ್ದು. ನೀಲಿಗೆ ನೀಲಿಗಿಡ, ಹಳದಿಗೆ ದಾಳಿಂಬೆ ಸಿಪ್ಪೆ. ಕೆಂಗಂದಿಗೆ ಏನು ಗೊತ್ತೇ? ನಮ್ಮ ಅಡಿಕೆ ಚೊಗರು.

ಚೊಗರು ಅಂದರೆ ನಮಗೆ ಒಲೆ ಮೇಲಿನ ಹಂಡೆಯಲ್ಲಿ ಉಳಿಯುವ ಗಸಿ. ಕೆಲವರು ಇಟ್ಟುಕೊಂಡು ಬರುವ ವರ್ಷಕ್ಕೆ ಬಳಸುತ್ತಾರೆ, ಕೆಲವರು ವ್ಯಾಪಾರಿಗೆ ಕೊಡುತ್ತಾರೆ. ನಾವು ಒಂದು ವರ್ಷ ಏನು ಮಾಡಿದೆವು ಅಂದರೆ, ಕೊಯ್ಲು ಮುಗಿದ ಗಡಿಬಿಡಿಯಲ್ಲಿ ಎರಡು ಹಂಡೆ ಚೊಗರನ್ನು ಹಳ್ಳದ ಕಡೆ ಚೆಲ್ಲಿಬಿಟ್ಟೆವು. ಬೇಸಿಗೆ, ನೀರು ಸಣ್ಣಗಿತ್ತು. ಕೆಳಗಡೆ ಗುಂಡಿಯ ತನಕ ಕೆಂಪಾಯಿತು. ಎರಡು ದಿನ ದನ ಬಾಯಿ ಹಾಕಲಿಲ್ಲ. ಕೆಳಮನೆಯವರು ಬಂದು ಬೈದು ಹೋದರು, ಬೈದದ್ದು ನ್ಯಾಯವಾಗಿಯೇ ಇತ್ತು. ನಾವು ಹಳ್ಳಕ್ಕೆ ಚೆಲ್ಲಿದ್ದನ್ನು ಇಪ್ಪತ್ತು ಮೈಲಿ ಆಚೆ ನೂಲಿಗೆ ಹಾಕಿ ಮಾರುತ್ತಾರೆ ಅಂತ ಆಗ ಗೊತ್ತಿರಲಿಲ್ಲ.

ಗೋಡೆ ಕೆಲಸದ ಮಧ್ಯೆ ನಮ್ಮ ಹುಡುಗಿಯರೂ ಚೊಗರಿನಲ್ಲಿ ಪ್ರಯತ್ನ ಮಾಡಿದರು. ಹತ್ತಿ ಬಟ್ಟೆಯನ್ನು ಅಳಲೆಕಾಯಿ ನೀರಿನಲ್ಲಿ, ಪಟಿಕದಲ್ಲಿ ನೆನೆಸಿ ಚೊಗರಿನಲ್ಲಿ ಕುದಿಸಿದ್ದು. ಮೊದಲ ಸಲ ತುಕ್ಕು ಹಿಡಿದ ಕಬ್ಬಿಣದ ಬಾಣಲೆಯಲ್ಲಿ ಕುದಿಸಿ ಬಟ್ಟೆಯೆಲ್ಲ ಕರಿ ಬೂದಿ ಬಣ್ಣ. ಹಸಿ ಅಡಿಕೆ ಸುಲಿದವರಿಗೆ ಇದು ಹೊಸ ವಿದ್ಯೆಯಲ್ಲ. ಮೆಟ್ಟುಗತ್ತಿ ಮುಂದೆ ಒಂದು ರಾತ್ರಿ ಕೂತವರ ಬೆರಳು ನೋಡಿ, ಹದಿನೈದು ದಿನ ಕಪ್ಪು ಹೋಗುವುದಿಲ್ಲ. ಕಬ್ಬಿಣಕ್ಕೂ ಚೊಗರಿಗೂ ಸೇರಿದರೆ ಕಪ್ಪೇ. ಎರಡನೇ ಸಲ ಸ್ಟೀಲ್ ಪಾತ್ರೆಯಲ್ಲಿ ಮಾಡಿದರು, ಚೆನ್ನಾಗಿ ಕೆಂಗಂದು ಬಂತು. ಈ ವೇದಿಕೆಯ ಹಿಂದೆ ಕಟ್ಟಿದ ಪರದೆ ಅದೇ.

ಇಲ್ಲಿ ಒಂದು ಮಾತು ನೇರ ಹೇಳಬೇಕು. ಗಿಡಮರದ ಬಣ್ಣ ಅಂದ ಮಾತ್ರಕ್ಕೆ ಎಲ್ಲಾ ಒಳ್ಳೆಯದು ಅಂತ ನಾವು ಒಪ್ಪುವುದಿಲ್ಲ. ಕುದಿಸಲಿಕ್ಕೆ ಸೌದೆ ಬೇಕು, ತೊಳೆಯಲಿಕ್ಕೆ ಕೊಡಗಟ್ಟಲೆ ನೀರು ಬೇಕು. ಆ ಪರದೆ ಒಂದಕ್ಕೆ ಸುಟ್ಟ ಸೌದೆಯಲ್ಲಿ ನಮ್ಮ ಮನೆಯ ನಾಲ್ಕು ದಿನದ ಬಚ್ಚಲೊಲೆ ಉರಿಯುತ್ತಿತ್ತು. ಬೆಟ್ಟ ಉಳಿಸುತ್ತೇವೆ ಅಂತ ಬೆಟ್ಟವನ್ನೇ ಸುಟ್ಟರೆ ಏನಾಯಿತು? ಅದಕ್ಕೇ ಅಡಿಕೆ ಬೇಯಿಸುವ ಒಲೆ ಆರುವ ಮುಂಚೆ, ಅದೇ ಬಿಸಿಯಲ್ಲಿ ಮಾಡಬೇಕು ಅಂತ ಹೆಂಗಸರೇ ಈಗ ತೀರ್ಮಾನ ಮಾಡಿದ್ದಾರೆ.

ದುಡ್ಡಿನ ಮಾತೂ ಹಾಗೆಯೇ. ಚರಕದವರು ಹೆಸರು ಮಾಡಿದ್ದಾರೆ, ಹೂವಿನ ಹಾಸಿಗೆ ಅಲ್ಲ. ಕೈಯಿಂದ ಮಾಡಿದ ವಸ್ತುಗಳಿಗೆ ಜಿ.ಎಸ್.ಟಿ. ಬೇಡ ಅಂತ 2017ರಲ್ಲಿ ಪ್ರಸನ್ನ ಅವರು ಬೆಂಗಳೂರಲ್ಲಿ ಉಪವಾಸ ಕೂತರು. 2020ರಲ್ಲಿ, ಕೋವಿಡ್ ವರ್ಷ, ದಿವಾಳಿಯಾಗಿದ್ದೇವೆ ಅಂತ ಆ ಸಂಘವೇ ಬಹಿರಂಗವಾಗಿ ಹೇಳಿಕೊಂಡಿತು. ಸಹಕಾರಿಯಾಗಿ ನಮಗೆ ಅದು ದೊಡ್ಡದಾಗಿ ಕಂಡಿತು. ನಷ್ಟವನ್ನು ಲೆಕ್ಕದ ಒಳಗೆ ಅಡಗಿಸಿ ಲಾಭಾಂಶ ಹಂಚಿದ ಸಂಘಗಳನ್ನು ನಾವೆಲ್ಲ ನೋಡಿದ್ದೇವೆ.

ಚಿತ್ತಾರವನ್ನು ಈಗ ಬಟ್ಟೆ, ಕಾಗದ, ಮಡಕೆ ಮೇಲೆ ಬರೆದು ಪೇಟೆಯಲ್ಲಿ ಮಾರುವವರಿದ್ದಾರೆ. ಬೇಡ ಅನ್ನುವುದಿಲ್ಲ, ಕೈಗೆ ಕಾಸು ಬರಲಿ. ಆದರೆ ಅಂಗಡಿ ಬಣ್ಣದಲ್ಲಿ ಬರೆಯುವವರಿಗೆ ಗುರಿಗೆ ಮರ ಇದ್ದರೇನು ಹೋದರೇನು? ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುವ ಮನೆಗಳು ನಮ್ಮ ಊರಲ್ಲಿ ಇನ್ನೂ ಇವೆ. ಬುಟ್ಟಿಗೆ ಸಗಣಿ ಕೆಮ್ಮಣ್ಣು ಬಳಿದು, ಮೇಲೆ ಚಿತ್ತಾರ ಬರೆದು, ಕಾಡಿನ ಸೊಪ್ಪು ಕುಡಿ ಹಾಕಿ ಬೇಯಿಸಿದ ಅಚ್ಚಂಬಲಿಯನ್ನು ಅದರಲ್ಲಿ ಹೊತ್ತು ಕತ್ತಲೆಯಲ್ಲೇ ಗದ್ದೆಗೆ ಹೋಗುತ್ತೇವೆ. ಬಸುರಿ ಪೈರಿಗೆ ಬಯಕೆ ಊಟ ಅದು. ಹೋದ ಅಕ್ಟೋಬರಿನಲ್ಲಿ ನಮ್ಮ ಮನೆಯಾಕೆ ಸೊಪ್ಪು ತರಲು ಹೋದವಳು ಅರ್ಧ ಬುಟ್ಟಿಯಲ್ಲಿ ವಾಪಸು ಬಂದಳು. ಅಕೇಶಿಯಾ ಕೆಳಗೆ ಏನೂ ಎದ್ದಿಲ್ಲ ಅಂದಳು. ಹಬ್ಬ ಮಾಡಿದೆವು, ಆದರೆ ಗದ್ದೆಯಲ್ಲಿ ಚರಗ ಚೆಲ್ಲುವಾಗ ಕೈಯಲ್ಲಿ ಹಗುರವಾಗಿತ್ತು.

ಇನ್ನು ನಿಮ್ಮ ಮುಂದೆ ಇರುವ ವಿಷಯ. ಸಂಘಕ್ಕೆ ಮಂಜೂರಾದ ಜಾಗದಲ್ಲಿ ಕಟ್ಟಡ, ಗೋದಾಮು ಬಿಟ್ಟು ಉಳಿದದ್ದರಲ್ಲಿ ಮೊದಲ ಮಂಡಳಿಯವರು ಅಕೇಶಿಯಾ ಹಚ್ಚಿದ್ದರು. ಅವರನ್ನು ತಪ್ಪು ಅನ್ನುವಂತಿಲ್ಲ, ಆಗ ಎಲ್ಲರೂ ಅದನ್ನೇ ಹಚ್ಚುತ್ತಿದ್ದರು, ಸರ್ಕಾರವೂ ಅದನ್ನೇ. ಈಗ ಮರ ಬಲಿತಿದೆ, ಕಡಿದು ಮಾರಿದರೆ ಸಂಘಕ್ಕೆ ಒಳ್ಳೆಯ ಹಣ. ಕಡಿಯುವುದಕ್ಕೆ ಯಾರದ್ದೂ ತಕರಾರಿಲ್ಲ. ಕಡಿದ ಮೇಲೆ ಮತ್ತೆ ಅದನ್ನೇ ಹಚ್ಚಬೇಕೋ ಬೇಡವೋ ಅನ್ನುವುದು ಪ್ರಶ್ನೆ. ಮತ್ತೆ ಅಕೇಶಿಯಾ ಅನ್ನುವವರು ಮಂಡಳಿಯಲ್ಲಿ ಐದು ಜನ ಇದ್ದಾರೆ, ಅವರ ಲೆಕ್ಕ ಸುಳ್ಳಲ್ಲ. ಗುರಿಗೆ, ಅಳಲೆ ಹಚ್ಚಿದರೆ ಇನ್ನು ಇಪ್ಪತ್ತೈದು ವರ್ಷಕ್ಕೆ ಚಿನ್ನದ ಹಬ್ಬ ಮಾಡುವವರಿಗೆ ಮಾರಲಿಕ್ಕೆ ನಾಟಾ ಇರುವುದಿಲ್ಲ. ಅಳಲೆ ಕಾಯಿಗೆ ಬೆಲೆ ಇದೆ, ಆದರೆ ಅಕೇಶಿಯಾದಷ್ಟು ಬೇಗ ಬರುವ ಬೆಲೆ ಅಲ್ಲ. ನಾವು ಜೂನಿನಲ್ಲಾಗಿದ್ದರೆ ಆ ಐದು ಜನರ ಜೊತೆ ಆರನೆಯವರಾಗುತ್ತಿದ್ದೆವು. ಈಗ ಆಚೆ ಕಡೆ ಇದ್ದೇವೆ. ಅರ್ಧ ಜಾಗಕ್ಕಾದರೂ ಊರ ಮರ ಹಚ್ಚಿ, ಅಂಚಿಗೆ ಪುಂಡಿ ಬಿತ್ತಿ, ನೋಡಿಕೊಳ್ಳುವ ಹೊಣೆಯನ್ನು ಸ್ತ್ರೀಶಕ್ತಿ ಗುಂಪಿಗೆ ಕೊಡಿ ಅಂತ ನಮ್ಮ ಠರಾವು. ಮಹಾಸಭೆಯಲ್ಲಿ ಮತಕ್ಕೆ ಬರುತ್ತದೆ. ಆ ದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಊಟ ಮಾಡಿ ಹೋಗಬೇಡಿ, ಕೂತು ಚರ್ಚೆ ಮಾಡಿ, ಬೈಯುವುದಿದ್ದರೆ ಬೈಯಿರಿ.

ಚೌಡಿ ಬನದ ಮರದ ಬುಡದಲ್ಲಿ ಎದ್ದಿದ್ದ ಗುರಿಗೆ ಸಸಿ ಹನ್ನೊಂದನ್ನು, ಪೂಜಾರರನ್ನು ಕೇಳಿ, ಕಾಯಿ ಒಡೆಸಿ, ತಂದು ಪ್ಯಾಕೆಟಿಗೆ ಹಾಕಿದ್ದೇವೆ. ಎರಡು ಒಣಗಿದವು. ಒಂಬತ್ತು ಗೋದಾಮಿನ ಹಿಂದೆ ನೆರಳಿನಲ್ಲಿ ಇವೆ. ಊಟದ ಪಂಕ್ತಿ ಆ ಕಡೆಯೇ ಇರುವುದು, ಕೈ ತೊಳೆದ ನೀರನ್ನು ದಯವಿಟ್ಟು ಅವುಗಳ ಮೇಲೆ ಚೆಲ್ಲಬೇಡಿ, ಸಾರಿನ ಉಪ್ಪು ಇರುತ್ತದೆ.