ಸೈಕಲ್ ಲೈಟು ಯಾರ ಕಣ್ಣಿಗೆ?

ನಾನಿರೋದು ಪವಾಯಿಯಲ್ಲಿ. ಆಫೀಸಿಗೆ ಮುಂಚೆ, ಇನ್ನೂ ಕತ್ತಲಿರುವಾಗಲೇ ಆರೇ ಕಾಲೊನಿ ಕಡೆ ಸೈಕಲ್ ಹೊಡೀತೀನಿ. ದಾರಿ ಕಾಣಲಿ ಅಂತ 1000 ಲ್ಯೂಮೆನ್ ಲೈಟು ಹಾಕಿಸಿದ್ದೆ. ಒಂದು ದಿನ ಎದುರಿಗೆ ವಾಕಿಂಗ್ ಬರ್ತಿದ್ದ ಅಜ್ಜ ಒಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ಪಕ್ಕಕ್ಕೆ ಸರಿದರು, ಗುಂಡಿಗೆ ಕಾಲಿಟ್ಟು ಬಿದ್ದರು. ಎತ್ತಿ ಕೂರಿಸಿದೆ. ಬೈಯಲಿಲ್ಲ. "ಏನೂ ಕಾಣಿಸಲಿಲ್ಲ ಮಗಾ" ಅಂದರು, ಮರಾಠಿಯಲ್ಲಿ.

ಕಾರಿನ ಲೋ ಬೀಮ್ ಬೆಳಕು ಮೇಲಕ್ಕೆ ಹೋಗದಂತೆ ತಡೆದಿರುತ್ತಾರೆ. ನಮ್ಮ ಬಹುತೇಕ ಸೈಕಲ್ ಲೈಟುಗಳು ಟಾರ್ಚಿನ ಹಾಗೆ ಎಲ್ಲ ಕಡೆ ಚೆಲ್ಲುತ್ತವೆ. ಜರ್ಮನಿಯಲ್ಲಿ ಸೈಕಲ್ ಲೈಟೂ ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ ನಿಯಮವೇ ಇದೆ.

ನೀವು ಹೀಗೆ ಮಾಡಿ. ಸೊಸೈಟಿ ಪಾರ್ಕಿಂಗ್‌ನಲ್ಲಿ ಗೋಡೆಯಿಂದ 5 ಮೀಟರ್ ದೂರ ಸೈಕಲ್ ನಿಲ್ಲಿಸಿ. ಲೈಟು ಎಷ್ಟು ಎತ್ತರದಲ್ಲಿದೆಯೋ ಅದರ ಅರ್ಧ ಎತ್ತರಕ್ಕೆ ಬೆಳಕಿನ ನಡುಭಾಗ ಬೀಳುವಂತೆ ಬಗ್ಗಿಸಿ. ಆಗ ಅದು ರಸ್ತೆಯಲ್ಲಿ 10 ಮೀಟರ್ ಮುಂದೆ ಬೀಳುತ್ತೆ.

ಕತ್ತಲಲ್ಲಿ ಮುಂದಿನ ಲೈಟು ಮಿನುಗಿಸಬೇಡಿ. ಸೈಕಲ್ ಎಷ್ಟು ದೂರದಲ್ಲಿದೆ ಅಂತ ಎದುರಿನವರಿಗೆ ಅಂದಾಜಾಗಲ್ಲ. ಹಿಂದೆ ಕೆಂಪು ಲೈಟು ಇರಲೇಬೇಕು, ಮಳೆಗಾಲದಲ್ಲಿ ಅದರ ಕೆಸರು ಒರೆಸ್ತಾ ಇರಿ.

ಎರಡು ನಿಮಿಷದ ಕೆಲಸ. ಅಜ್ಜನ ಮೊಣಕಾಲಿನ ಗಾಯ ಒಣಗೋಕೆ ಮೂರು ವಾರ ಬೇಕಾಯ್ತು.