ಸಿವಿಲ್ ದಾವೆಗಳು: ಈಚಿನ ತೀರ್ಪುಗಳಿಂದ ನಾವು ತಿಳಿಯಬೇಕಾದದ್ದು

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಕಾನೂನು ತಿಳುವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಕೋರ್ಟಿನ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ಕಾರಣ ಇದೆ. ಬೆಳೆಸಾಲಕ್ಕೆ ಬಂದವರ ಪಹಣಿ ತಿರುವಿದರೆ ಎಷ್ಟೋ ಸಲ ತೀರಿಹೋದ ತಾತನ ಹೆಸರೇ ಇರುತ್ತದೆ. ಇಲ್ಲವೇ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದು, ಒಬ್ಬರು ಸಹಿ ಹಾಕಲು ಒಪ್ಪುವುದಿಲ್ಲ. ಸಾಲ ಅಲ್ಲಿಗೇ ನಿಲ್ಲುತ್ತದೆ, ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಮನೆಯ ವ್ಯಾಜ್ಯ ಸಂಘದ ಬಾಗಿಲಿಗೂ ಬರುತ್ತದೆ. ಆದ್ದರಿಂದ ಸುಪ್ರೀಂ ಕೋರ್ಟಿನ ಈಚಿನ ಕೆಲವು ತೀರ್ಪುಗಳನ್ನು ನಿಮ್ಮ ಮುಂದೆ ಇಡಬೇಕೆಂದು ನಾವು ಬಂದಿದ್ದೇವೆ.

ಮೊದಲು ಕಾಗದ ಪತ್ರದ ವಿಚಾರ. "ಪಹಣಿ ನಮ್ಮ ಹೆಸರಿಗಿದೆ, ಜಮೀನು ನಮ್ಮದೇ" ಅಂತ ನಾವು ನಂಬಿರುತ್ತೇವೆ. 2021ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಸ್ಪಷ್ಟಪಡಿಸಿತು: ಕಂದಾಯ ದಾಖಲೆಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಒಡೆತನ ಹೋಗುವುದೂ ಇಲ್ಲ. ಅದು ಕಂದಾಯ ವಸೂಲಿಗೆ ಇರುವ ದಾಖಲೆ. ಹಾಗಂತ ಪಹಣಿಯನ್ನು ಕಡೆಗಣಿಸಬೇಡಿ. ನಮ್ಮ ರಾಜ್ಯದ ಭೂ ಕಂದಾಯ ಕಾಯಿದೆಯ ಪ್ರಕಾರ, ತಪ್ಪೆಂದು ರುಜುವಾತಾಗುವವರೆಗೆ ಅದನ್ನು ಸರಿಯೆಂದೇ ಭಾವಿಸಲಾಗುತ್ತದೆ. ಆದರೆ ಅದರ ಹಿಂದೆ ಕ್ರಯಪತ್ರವೋ, ವಿಭಾಗ ಪತ್ರವೋ ಇರಲೇಬೇಕು.

ಎರಡನೆಯದು ಜಿ.ಪಿ.ಎ. ವ್ಯವಹಾರ. 2011ರ ಅಕ್ಟೋಬರ್ 11ರ ತೀರ್ಪಿನಲ್ಲಿ, ಜಿ.ಪಿ.ಎ., ಅಗ್ರಿಮೆಂಟು, ವಿಲ್ಲು ಈ ಮೂರನ್ನೂ ಬರೆಸಿಕೊಂಡರೂ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಆಗಬೇಕು ಎಂದು ಹೇಳಲಾಯಿತು. ಈ ತೀರ್ಪು ಬರೆದವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು. ಅವರೇ 2008ರಲ್ಲಿ ಬರೆದ ಇನ್ನೊಂದು ತೀರ್ಪು ನಮ್ಮ ಬದು ಜಗಳಗಳಿಗೆ ಬಹಳ ಮುಖ್ಯ. ಒಡೆತನದ ಬಗ್ಗೆಯೇ ಗಂಭೀರ ತಕರಾರು ಇದ್ದಾಗ ಬರೀ ತಡೆಯಾಜ್ಞೆ ಕೇಳಿ ದಾವೆ ಹಾಕಿದರೆ ಸಾಲದು. ಜಮೀನು ನಮ್ಮದೆಂದು ಘೋಷಣೆಯನ್ನೂ ಕೇಳಬೇಕು. ಸ್ವಾಧೀನ ತಪ್ಪಿದ್ದರೆ ಅದನ್ನೂ ಕೇಳಬೇಕು. ಖರ್ಚು ಕಡಿಮೆ ಅಂತ ಬರೀ ಇಂಜೆಂಕ್ಷನ್ ದಾವೆ ಹಾಕಿ, ಹತ್ತು ವರ್ಷ ಅಲೆದು, ಕೊನೆಗೆ "ದಾವೆಯ ಸ್ವರೂಪವೇ ಸರಿಯಿಲ್ಲ" ಅನ್ನಿಸಿಕೊಂಡು ಬಂದವರನ್ನು ನಾವು ಕಂಡಿದ್ದೇವೆ.

ಈಗ ಹೆಣ್ಣುಮಕ್ಕಳ ಪಾಲಿನ ಮಾತು. ಈ ಮಾತು ಬಂದರೆ ಸಭೆ ಸುಮ್ಮನಾಗುತ್ತದೆ. ಆದರೂ ಹೇಳಲೇಬೇಕು. ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲೇ ಜಾರಿಗೆ ಬಂತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಆ ದಿನ ತಂದೆ ಬದುಕಿರಬೇಕೋ ಬೇಡವೋ ಎಂಬ ಪ್ರಶ್ನೆ ಉಳಿದಿತ್ತು. ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳಲ್ಲಿ 2015ರಲ್ಲಿ ಒಂದು ರೀತಿ, 2018ರಲ್ಲಿ ಇನ್ನೊಂದು ರೀತಿ ತೀರ್ಪು ಬಂತು. 2020ರ ಆಗಸ್ಟ್ 11ರಂದು ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರಿದ್ದ ಮೂವರ ಪೀಠ ಆ ಗೊಂದಲ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆ ದಿನ ಬದುಕಿರಬೇಕಾದ್ದಿಲ್ಲ.

"ಆಗಲೇ ಬಾಯಿ ಮಾತಿನಲ್ಲಿ ಪಾಲಾಗಿದೆ" ಅಂದರೆ ಸಾಕೆ? ಸಾಲದು ಎನ್ನುತ್ತದೆ ಇದೇ ತೀರ್ಪು. 2004ರ ಡಿಸೆಂಬರ್ 20ಕ್ಕೆ ಮುಂಚೆ ನಿಜವಾಗಿ ನಡೆದ ವಿಭಾಗಕ್ಕೆ ಧಕ್ಕೆ ಇಲ್ಲ. ಆದರೆ ಬಾಯಿ ಮಾತಿನ ಪಾಲನ್ನು ಕೋರ್ಟು ಒಪ್ಪುವುದು ಅಪರೂಪಕ್ಕೆ, ಅದೂ ಸರಕಾರಿ ದಾಖಲೆಗಳ ಗಟ್ಟಿ ಬೆಂಬಲ ಇದ್ದಾಗ ಮಾತ್ರ. ಅಪ್ಪನ ಸ್ವಯಾರ್ಜಿತ ಆಸ್ತಿಯ ಮಾತು ಬೇರೆ, ಅದನ್ನು ಅವರು ವಿಲ್ಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು.

"ಮದುವೆ ಮಾಡಿ ಕಳಿಸಿದ್ದೀವಿ, ಹಬ್ಬಕ್ಕೆ ಸೀರೆ ಬಳೆ ಕೊಡ್ತಾ ಇದೀವಿ, ಇನ್ನೇನು?" ಅಂತ ಅಣ್ಣಂದಿರು ಕೇಳುತ್ತಾರೆ. ಬಂಧುಗಳೇ, ಸೀರೆ ಬೇರೆ, ಹಕ್ಕು ಬೇರೆ. ತಂಗಿ ತಾನಾಗಿ ಮನಸ್ಸು ಮಾಡಿ ಬಿಟ್ಟುಕೊಟ್ಟರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಲಿ. ಅವಳನ್ನು ಕೇಳದೆ ಪಾಲು ಮಾಡಿಕೊಂಡರೆ ಆ ವಿಭಾಗ ನಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ತವರಿನ ಬಾಗಿಲೂ ಅವಳಿಗೆ ಮುಚ್ಚಿದಂತಾಗುತ್ತದೆ.

ಇನ್ನು ದಾವೆ ಗೆದ್ದವರ ಕಷ್ಟ. ನಮ್ಮ ದೇಶದಲ್ಲಿ ಕಕ್ಷಿಗಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಆಡಿತ್ತು. ಇವತ್ತಿಗೂ ಅದು ಸುಳ್ಳಾಗಿಲ್ಲ. ಡಿಕ್ರಿ ಆದ ಮೇಲೆ ಸ್ವಾಧೀನ ಪಡೆಯಲು ಮತ್ತೆ ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೂ ತಕರಾರು, ಮೂರನೆಯವರ ಅಡ್ಡಿ. ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಜಮೀನಿನ ವ್ಯಾಜ್ಯವೊಂದರಲ್ಲಿ 2021ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟು, ಅಮಲ್ಜಾರಿ ಅರ್ಜಿ ಹಾಕಿದ ಆರು ತಿಂಗಳೊಳಗೆ ಮುಗಿಸಬೇಕು, ತಡವಾದರೆ ಕಾರಣ ಬರೆದಿಡಬೇಕು ಎಂದು ಆದೇಶ ಮಾಡಿತು. ಆಸ್ತಿಯಲ್ಲಿ ಬೇರೆ ಯಾರಿಗಾದರೂ ಹಕ್ಕುಂಟೇ ಎಂಬುದನ್ನು ದಾವೆಯ ಮೊದಲಲ್ಲೇ ವಿಚಾರಿಸಿ ತಿಳಿಯಬೇಕು ಎಂದೂ ಹೇಳಿತು. 2025ರ ಮಾರ್ಚ್‌ನಲ್ಲಿ ಇದನ್ನೇ ಮತ್ತೆ ಒತ್ತಿ ಹೇಳಿ, ಹೈಕೋರ್ಟುಗಳಿಂದ ಲೆಕ್ಕ ಕೇಳಿತು. ಅದೇ ಅಕ್ಟೋಬರಿನಲ್ಲಿ ಸಿಕ್ಕ ಲೆಕ್ಕದಂತೆ ದೇಶದಲ್ಲಿ 8 ಲಕ್ಷ 82 ಸಾವಿರಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಜಮೀನಿನ ಸ್ವಾಧೀನದ ಡಿಕ್ರಿಯನ್ನು 12 ವರ್ಷದೊಳಗೆ ಜಾರಿ ಮಾಡಿಸಿಕೊಳ್ಳಬೇಕು. ಡಿಕ್ರಿಯನ್ನು ಟ್ರಂಕಿನಲ್ಲಿಟ್ಟು ಪೂಜೆ ಮಾಡಿದರೆ ಜಮೀನು ಬರುವುದಿಲ್ಲ.

ಹಾಗಾದರೆ ದಾರಿ ಏನು? ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೋರ್ಟಿನಲ್ಲಿರುವ ದಾವೆಯನ್ನು ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಂಡರೆ ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ. ಅಲ್ಲಿನ ಐತೀರ್ಪು ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಸಂಘಕ್ಕೂ ಸದಸ್ಯರಿಗೂ ಸಂಘದ ವ್ಯವಹಾರದಲ್ಲಿ ತಕರಾರು ಬಂದರೆ ಅದು ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ. 1959ರ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಮಿನಂತೆ ರಿಜಿಸ್ಟ್ರಾರರ ಮುಂದೆ ಹೋಗುತ್ತದೆ. ತಿಳಿಯದೆ ಕೋರ್ಟಿಗೆ ಹೋಗಿ ದುಡ್ಡು ಕಳೆದುಕೊಳ್ಳಬೇಡಿ.

ನಮ್ಮ ಮಾತಿನ ಸಾರ ಇಷ್ಟೇ. ದಾವೆಯ ಸೋಲು ಗೆಲುವು ಬಹುಪಾಲು ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆಯೇ, ನಮ್ಮ ಮನೆಯಲ್ಲೇ ತೀರ್ಮಾನವಾಗಿರುತ್ತದೆ. ತಾತನ ಹೆಸರಿನ ಪಹಣಿಗೆ ಪೌತಿ ಖಾತೆ ಮಾಡಿಸಿ. ಅಕ್ಕತಂಗಿಯರನ್ನೂ ಕೂರಿಸಿಕೊಂಡು ಪಾಲು ಮಾಡಿ, ವಿಭಾಗ ಪತ್ರ ನೋಂದಾಯಿಸಿ. ದೊಡ್ಡವರು ಇರುವಾಗಲೇ ಈ ಕೆಲಸ ಆಗಲಿ. ಸಂಘದ ಸಾಲ ಸಲೀಸಾಗಿ ಸಿಗುತ್ತದೆ, ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ.

 ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ.

ಜೈ ಸಹಕಾರ.